ಸಂಜೀವಕ ಕೇಳದೆ ಹೋದ ಪ್ರಶ್ನೆ: ಕಠಿಣ ಮೇಲಧಿಕಾರಿಯ ಕೈಕೆಳಗಿನ ದುಡಿಮೆಯನ್ನು ಕುರಿತು ಒಂದು ಪಾಠ

ಕಳೆದ ಸತ್ರದ ಕೊನೆಯಲ್ಲಿ ನಮ್ಮ ವಿಭಾಗದ ಹಳೆಯ ವಿದ್ಯಾರ್ಥಿನಿಯೊಬ್ಬಳು ಭೇಟಿಗೆ ಬಂದಿದ್ದಳು. ಪದವಿ ಮುಗಿದು ಎರಡು ವರ್ಷವಾಗಿದೆ. ಸೊಲ್ಲಾಪುರದ ಒಂದು ಟವೆಲ್ ಕಾರಖಾನೆಯ ಕಚೇರಿಯಲ್ಲಿ ಬಿಲ್ಲು, ಚಲನು, ದಿನದ ವರದಿ ಬರೆಯುವ ಕೆಲಸ ಅವಳದು. ಚೀಲದಲ್ಲಿ ಮರಾಠಿಯಲ್ಲಿ ಬರೆದ ರಾಜೀನಾಮೆಯ ಪತ್ರವಿತ್ತು. ಅದರ ಶುದ್ಧಲೇಖನವನ್ನು ನೋಡಿಕೊಡಬೇಕೆಂದು ಕೇಳಿಕೊಳ್ಳಲು ಬಂದಿದ್ದಳು.

"ಸಾಹೇಬರಿಗೆ ನನ್ನ ಮ್ಯಾಲೆ ಭಾಳ ಸಿಟ್ಟದ ರೀ ಸರ್. ಮುಂದಿನ ತಿಂಗಳು ನನ್ನ ತೆಗೀತಾರಂತ. ಅವರು ತೆಗೆಯೂಕಿಂತ ಮೊದಲ ನಾನೇ ಬಿಡ್ತೀನಿ" ಎಂದಳು. ಸಾಹೇಬರು ಹಾಗೆಂದು ಯಾವಾಗ ಹೇಳಿದರೆಂದು ಕೇಳಿದೆ. ಸಾಹೇಬರು ಹೇಳಿರಲಿಲ್ಲ, ಪಕ್ಕದ ಮೇಜಿನ ಹಿರಿಯ ಗುಮಾಸ್ತರು ಹೇಳಿದ್ದರು. ಎರಡು ತಿಂಗಳಿಂದ ಸಾಹೇಬರು ಮುಖ ಕೊಟ್ಟು ಮಾತನಾಡುತ್ತಿಲ್ಲ, ಅವಳು ತಂದ ಕಾಗದವನ್ನು ಮೇಜಿನ ಮೇಲೆ ಎಸೆಯುತ್ತಾರೆ, ಎಲ್ಲರೆದುರು ರೇಗುತ್ತಾರೆ. ಇವೆಲ್ಲ ಅವಳು ಕಣ್ಣಾರೆ ಕಂಡದ್ದು. ತೆಗೆಯುವ ಮಾತು ಮಾತ್ರ ಒಂದೇ ಬಾಯಿಯಿಂದ ಬಂದದ್ದು.

ಪತ್ರದ ಹ್ರಸ್ವ ದೀರ್ಘಗಳನ್ನು ತಿದ್ದಿಕೊಟ್ಟೆ. ಕೊಡುವಾಗ, ಪಂಚತಂತ್ರದ ಮೊದಲ ಕಥೆಯಲ್ಲಿ ಎತ್ತು ಸತ್ತದ್ದೇಕೆ, ನೆನಪಿದೆಯೇ ಎಂದು ಕೇಳಿದೆ. "ಸಿಂಹ ಕೊಂದಿತಲ್ರಿ" ಎಂದಳು. ಪರೀಕ್ಷೆಯಲ್ಲಿ ಈ ಉತ್ತರಕ್ಕೆ ಅಂಕ ಸಿಗುತ್ತದೆ, ನಾನೇ ಕೊಟ್ಟಿದ್ದೇನೆ. ಆದರೆ ಅದು ಅರ್ಧ ಉತ್ತರ. ಉಳಿದರ್ಧವನ್ನು ತರಗತಿಯಲ್ಲಿ ನಾನು ಸರಿಯಾಗಿ ಹೇಳಿರಲಿಲ್ಲವೆಂದು ಆ ದಿನ ಅನಿಸಿತು. ಆದುದರಿಂದ ಈ ಪಾಠ.

ಕನ್ನಡಕ್ಕೆ ಪಂಚತಂತ್ರವನ್ನು ತಂದವನು ದುರ್ಗಸಿಂಹ. ಕಾಲ ಕ್ರಿ.ಶ. 1031ರ ಸುಮಾರು. ವಸುಭಾಗಭಟ್ಟನ ಸಂಸ್ಕೃತ ಪಾಠವನ್ನು ಅನುಸರಿಸಿ ಅವನು ಅದನ್ನು ಚಂಪುವಾಗಿ ರಚಿಸಿದನು. ಅವನು ಕೇವಲ ಕವಿಯಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ಚಾಲುಕ್ಯ ಚಕ್ರವರ್ತಿ ಜಗದೇಕಮಲ್ಲ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು. ಎಂದರೆ ಯುದ್ಧ ಮತ್ತು ಸಂಧಿಯ ವ್ಯವಹಾರ ನೋಡುವ ದೊಡ್ಡ ಅಧಿಕಾರಿ. ಅವನ ತಲೆಯ ಮೇಲೂ ಒಬ್ಬ ಸಾಹೇಬನಿದ್ದನು, ಆ ಸಾಹೇಬನ ಕೈಯಲ್ಲಿ ಖಡ್ಗವಿತ್ತು. ಇಂಥವನು ಒಡೆಯ ಮತ್ತು ಸೇವಕರ ಕಥೆಯನ್ನು ಹೇಳುವಾಗ ಅದು ಮಕ್ಕಳ ಕಥೆಯಾಗಿ ಉಳಿಯಲಾರದು. ಅವನ ಗ್ರಂಥದ ಮೊದಲ ಪ್ರಕರಣದ ಹೆಸರೇ ಭೇದ. ಇಬ್ಬರು ಸ್ನೇಹಿತರ ನಡುವೆ ಮೂರನೆಯವನು ಬಿರುಕು ಹುಟ್ಟಿಸುವುದು ಅದರ ವಸ್ತು.

ಕಥೆಯನ್ನು ನೀವೆಲ್ಲ ಬಲ್ಲಿರಿ. ಬಂಡಿ ಎಳೆಯಲಾರದ ಎತ್ತನ್ನು ವ್ಯಾಪಾರಿಯು ಕಾಡಿನಲ್ಲಿ ಬಿಟ್ಟುಹೋಗುತ್ತಾನೆ. ಎತ್ತು ಚೇತರಿಸಿಕೊಂಡು, ಹುಲ್ಲು ಮೇದು ಕೊಬ್ಬಿ, ಒಂದು ದಿನ ಗುಟುರು ಹಾಕುತ್ತದೆ. ನೀರು ಕುಡಿಯಲು ನದಿಗೆ ಬಂದಿದ್ದ ಪಿಂಗಳಕನೆಂಬ ಸಿಂಹ ಆ ಧ್ವನಿಯನ್ನು ಕೇಳಿ, ನೀರನ್ನೂ ಕುಡಿಯದೆ ಹಿಂದೆ ಸರಿದು ಮರದ ಬುಡದಲ್ಲಿ ಕುಳಿತುಕೊಳ್ಳುತ್ತದೆ. ಅಧಿಕಾರ ಕಳೆದುಕೊಂಡು ಮೂಲೆಯಲ್ಲಿದ್ದ ಕರಟಕ, ದಮನಕರೆಂಬ ಎರಡು ನರಿಗಳು ಇದನ್ನು ನೋಡುತ್ತವೆ. ಕರಟಕನು ನಮಗೇಕೆ ಎನ್ನುತ್ತಾನೆ. ದಮನಕನು ಎದ್ದು ಹೋಗಿ, ಮಹಾರಾಜರು ನೀರು ಕುಡಿಯದೆ ತಿರುಗಿದ್ದೇಕೆ ಎಂದು ವಿಚಾರಿಸುತ್ತಾನೆ.

ಇಲ್ಲಿ ಒಂದು ಕ್ಷಣ ನಿಲ್ಲಿರಿ. ಕಾಡಿನ ರಾಜನು ಹೆದರಿದ್ದಾನೆ, ಹೆದರಿದ್ದೇನೆಂದು ಹೇಳಿಕೊಳ್ಳಲಾರ. ಅವನ ಗಾಂಭೀರ್ಯ, ಮೌನ, ಸುತ್ತಲಿನವರನ್ನು ದೂರವಿಡುವ ರೀತಿ, ಎಲ್ಲವೂ ಆ ಭಯದ ವೇಷಗಳು. ಕಚೇರಿಯಲ್ಲಿ ಕಾಗದ ಎಸೆಯುವವರನ್ನು ಕಂಡಾಗ ನಾವು ಸಾಮಾನ್ಯವಾಗಿ ಕೇಳಿಕೊಳ್ಳುವ ಪ್ರಶ್ನೆ, ಇವರಿಗೆ ನನ್ನ ಮೇಲೆ ಯಾಕೆ ಸಿಟ್ಟು ಎಂಬುದು. ದಮನಕನು ಧೂರ್ತನೇ ಸರಿ, ಆದರೆ ಅವನ ಪ್ರಶ್ನೆ ನಮ್ಮದಕ್ಕಿಂತ ಉತ್ತಮವಾಗಿತ್ತು. ಇವರು ಯಾವುದಕ್ಕೆ ಅಂಜಿದ್ದಾರೆ? ಬಹಳಷ್ಟು ಸಿಟ್ಟಿನ ಸಾಹೇಬರಿಗೆ ಅವರ ಮೇಲೊಬ್ಬ ಸಾಹೇಬರಿರುತ್ತಾರೆ, ತಲುಪಬೇಕಾದ ಒಂದು ಅಂಕಿ ಇರುತ್ತದೆ, ಉತ್ತರ ಕೊಡಬೇಕಾದ ಒಂದು ಫೋನ್ ಕರೆ ಇರುತ್ತದೆ. ಇದನ್ನು ತಿಳಿದ ಮಾತ್ರಕ್ಕೆ ಅವರ ವರ್ತನೆ ಕ್ಷಮಾರ್ಹವಾಗುವುದಿಲ್ಲ. ಎಲ್ಲಿಂದ ಪೆಟ್ಟು ಬರುತ್ತಿದೆ ಎಂಬುದು ತಿಳಿಯುತ್ತದೆ, ಅಷ್ಟೇ. ಇದೇ ಪ್ರಕರಣದಲ್ಲಿ ನರಿ ಮತ್ತು ಭೇರಿಯ ಉಪಕಥೆ ಬರುವುದೂ ಈ ಕಾರಣಕ್ಕಾಗಿಯೇ. ರಣರಂಗದಲ್ಲಿ ಬಿದ್ದ ಭೇರಿಗೆ ಗಾಳಿಯಿಂದ ಕೊಂಬೆ ಬಡಿದು ಸದ್ದಾಗುತ್ತಿರುತ್ತದೆ. ಹಸಿದ ನರಿಯು ಹೆದರಿ ಓಡದೆ ಹತ್ತಿರ ಹೋಗಿ ನೋಡುತ್ತದೆ.

ಮುಂದೆ ದಮನಕನು ಎತ್ತನ್ನು ಕರೆತರುತ್ತಾನೆ. ಸಿಂಹ ಮತ್ತು ಸಂಜೀವಕರು ಪ್ರಾಣಸ್ನೇಹಿತರಾಗುತ್ತಾರೆ. ಸ್ನೇಹ ಅತಿಯಾಗಿ ಸಿಂಹವು ಬೇಟೆಯನ್ನು ಮರೆಯುತ್ತದೆ, ಅದರ ಎಂಜಲನ್ನು ನಂಬಿದ ಪರಿವಾರ ಹಸಿಯುತ್ತದೆ. ಆಗ ದಮನಕನು ಸಿಂಹದ ಬಳಿಗೆ ಹೋಗಿ, ಸಂಜೀವಕನು ನಿಮ್ಮನ್ನು ಕೊಲ್ಲಲು ಹವಣಿಸಿದ್ದಾನೆ ಎನ್ನುತ್ತಾನೆ. ಎತ್ತಿನ ಬಳಿಗೆ ಹೋಗಿ, ಮಹಾರಾಜರು ನಿನ್ನನ್ನು ತಿನ್ನಲು ನಿಶ್ಚಯಿಸಿದ್ದಾರೆ ಎನ್ನುತ್ತಾನೆ. ಅವನ ಚಾತುರ್ಯವಿರುವುದು ಸುಳ್ಳಿನಲ್ಲಿ ಮಾತ್ರವಲ್ಲ. ಇಬ್ಬರಿಗೂ ಅವನು ಲಕ್ಷಣಗಳನ್ನು ಮೊದಲೇ ಹೇಳಿಕೊಟ್ಟಿರುತ್ತಾನೆ. ಕಣ್ಣು ಕೆಂಪಾಗಿದ್ದರೆ, ಬಾಲ ನಿಮಿರಿದ್ದರೆ ತಿಳಿದುಕೋ ಎಂದು ಎತ್ತಿಗೆ. ಕೊಂಬು ತಗ್ಗಿಸಿ ಅಡ್ಡನೋಟದಿಂದ ಬಂದರೆ ತಿಳಿದುಕೊಳ್ಳಿ ಎಂದು ಸಿಂಹಕ್ಕೆ. ಮರುದಿನ ಎತ್ತು ಅಂಜುತ್ತಲೇ ಬರುತ್ತದೆ, ಅಂಜಿದ ಎತ್ತು ಕೊಂಬು ತಗ್ಗಿಸುತ್ತದೆ. ಅದನ್ನು ಕಂಡ ಸಿಂಹದ ಬಾಲ ನಿಮಿರುತ್ತದೆ. ಇಬ್ಬರಿಗೂ ಕಂಡದ್ದು ನಿಜವೇ. ಕಂಡದ್ದರ ಅರ್ಥವನ್ನು ಮಾತ್ರ ಇನ್ನೊಬ್ಬನು ಮೊದಲೇ ಬರೆದುಕೊಟ್ಟಿದ್ದನು.

ಸಂಜೀವಕನಿಗೆ ಒಂದು ರಾತ್ರಿ ಸಮಯವಿತ್ತು. ಅದುವರೆಗೆ ಪ್ರತಿದಿನವೂ ಸಿಂಹದೊಡನೆ ಏಕಾಂತದಲ್ಲಿ ಮಾತನಾಡಿದವನು ಅವನು. "ನಿಮಗೆ ನನ್ನ ಮೇಲೆ ಕೋಪವೆಂದು ಕೇಳಿದೆ, ನನ್ನಿಂದೇನು ತಪ್ಪಾಯಿತು?" ಎಂಬ ಒಂದು ವಾಕ್ಯವನ್ನು ಅವನು ಕೇಳಲಿಲ್ಲ. ನಾನು ಹೇಳಹೊರಟ ಉತ್ತರದ ಉಳಿದರ್ಧ ಇದು.

ಕೇಳುವುದು ಸುಲಭವೆಂದು ನಾನು ಹೇಳುತ್ತಿಲ್ಲ. ನಾನು ಕೇಳಿದವನಲ್ಲ. ಮೂವತ್ತು ವರ್ಷಗಳ ಹಿಂದೆ, ತಾಸಿಕಾ ತತ್ತ್ವದ ಮೇಲೆ, ಎಂದರೆ ತಾಸಿಗಿಷ್ಟೆಂದು ಸಂಬಳ ಪಡೆದು, ಗಡಿಭಾಗದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಮುಖ್ಯಾಧ್ಯಾಪಕರು ಕಠಿಣ ಸ್ವಭಾವದವರು. ಶಿಕ್ಷಕರ ಕೋಣೆಯಲ್ಲಿ ಎಲ್ಲರೆದುರು ಗದರಿಸುತ್ತಿದ್ದರು. ಬೆಳಿಗ್ಗೆ ಬಾಯಿಂದ ಹೇಳಿದ್ದನ್ನು ಸಂಜೆ ಇಲ್ಲವೆನ್ನುತ್ತಿದ್ದರು. ಒಂದು ದಿನ ಸಹೋದ್ಯೋಗಿಯೊಬ್ಬರು ಚಹಾ ಕುಡಿಯುತ್ತ, ನಿಮ್ಮ ಮೇಲಿನ ಸಿಟ್ಟಿಗಾಗಿ ಎಂಟನೆಯ ತರಗತಿಯ ಕನ್ನಡದ ತಾಸುಗಳನ್ನು ತೆಗೆಯುತ್ತಾರಂತೆ ಎಂದರು. ನಾನು ಅದನ್ನು ನಂಬಿದೆ. ಸ್ವಾಭಿಮಾನವೆಂದು ತಿಳಿದು ಆ ವರ್ಷವಿಡೀ ಅವರಿಗೆ ನಮಸ್ಕಾರ ಹೇಳುವುದನ್ನೇ ಬಿಟ್ಟೆ. ತಾಸುಗಳು ಹೋದವು. ಕೆಲವು ವರ್ಷಗಳ ನಂತರ ಬೇರೊಂದು ಕೆಲಸಕ್ಕಾಗಿ ಹಳೆಯ ದಾಖಲೆಗಳನ್ನು ನೋಡುವಾಗ ಆ ವರ್ಷದ ಟಿಪ್ಪಣಿ ಸಿಕ್ಕಿತು. ಕನ್ನಡ ತೆಗೆದುಕೊಂಡ ಮಕ್ಕಳ ಸಂಖ್ಯೆ ಕಡಿಮೆಯಾದುದೇ ಕಾರಣವೆಂದು ಅದರಲ್ಲಿ ಬರೆದಿತ್ತು. ನಾಲ್ಕೈದು ಮಕ್ಕಳು ಮಾತ್ರ ಕಡಿಮೆ. ಊರಿನಲ್ಲಿ ನಾಲ್ಕು ಕನ್ನಡದ ಮನೆಗಳಿಗೆ ಹೋಗಿ ತಾಯಂದಿರೊಡನೆ ಮಾತನಾಡಿದ್ದರೆ ಆ ಸಂಖ್ಯೆ ತುಂಬುತ್ತಿತ್ತು. ಮುಖ್ಯಾಧ್ಯಾಪಕರು ಸಜ್ಜನರೆಂದು ಈಗಲೂ ಹೇಳಲಾರೆ. ಆದರೆ ಆ ತರಗತಿಯ ಕನ್ನಡ ಹೋದದ್ದರಲ್ಲಿ ನನ್ನ ಮೌನದ ಪಾಲೂ ಇದೆ.

ಕೇಳುವ ರೀತಿಯ ಬಗ್ಗೆ ಭಾಷೆಯ ವಿದ್ಯಾರ್ಥಿಗಳಾದ ನಿಮಗೆ ಒಂದು ಮಾತು. ನಮ್ಮ ಕಡೆ ಮರಾಠಿಯನ್ನೂ ಕನ್ನಡವನ್ನೂ ಕೂಡಿಸಿಕೊಂಡು ಕಲಿತವರಿಗೆ ಒಂದು ಅನುಕೂಲವಿದೆ. ಮರಾಠಿಯ 'ಆಪಣ' ಎಂಬ ಸರ್ವನಾಮಕ್ಕೆ ಗೌರವದ 'ತಾವು' ಎಂಬ ಅರ್ಥವೂ ಇದೆ, ಕೇಳುಗನನ್ನೂ ಸೇರಿಸಿಕೊಂಡ 'ನಾವು' ಎಂಬ ಅರ್ಥವೂ ಇದೆ. 'ಆಪಣ ಹೇ ಪುನ್ಹಾ ಪಾಹೂಯಾ ಕಾ' ಎಂದಾಗ ತಪ್ಪು ಯಾರದೆಂಬ ಮಾತೇ ಬರುವುದಿಲ್ಲ. ಕಾಗದ ಒಂದು, ನೋಡುವವರು ಇಬ್ಬರು. ಕನ್ನಡದಲ್ಲಿ ಈ ಕೆಲಸವನ್ನು ಸರ್ವನಾಮ ಮಾಡದು, ಕ್ರಿಯಾಪದ ಮಾಡುತ್ತದೆ: 'ಇದನ್ನು ಇನ್ನೊಮ್ಮೆ ನೋಡೋಣವೇ?' 'ನೀವು ತಪ್ಪು ಹೇಳಿದಿರಿ' ಎಂಬುದಕ್ಕೂ 'ನನಗೆ ಹೀಗೆ ತಿಳಿಯಿತು, ಸರಿಯೇ?' ಎಂಬುದಕ್ಕೂ ಇರುವ ದೂರವನ್ನು ವ್ಯಾಕರಣದ ತರಗತಿಯಲ್ಲಿ ಅಳೆಯಲಾಗದು, ಕಚೇರಿಯಲ್ಲಿ ಅಳೆಯಬಹುದು. ಕೇಳುವುದು ಏಕಾಂತದಲ್ಲಿರಲಿ, ಬೆಳಗಿನ ಗಡಿಬಿಡಿಯಲ್ಲಿ ಬೇಡ, ಒಂದು ಸಲಕ್ಕೆ ಒಂದೇ ವಿಷಯವಿರಲಿ.

ಹೇಳಿ ಇಲ್ಲವೆನ್ನುವವರಿಗೆ ಬೇರೆ ಉಪಾಯ ಬೇಕು. ಅದನ್ನೂ ಆ ಶಾಲೆಯಲ್ಲಿಯೇ ಕಲಿತೆ. ತಾವು ಇಂದು ಹೇಳಿದ ಪ್ರಕಾರ ಇಂಥ ಕೆಲಸವನ್ನು ಇಂಥ ದಿನದೊಳಗೆ ಮಾಡುತ್ತೇನೆ ಎಂದು ಎರಡು ಸಾಲು ಬರೆದು, ಆವಕ-ಜಾವಕ ವಹಿಯಲ್ಲಿ ನೋಂದಿಸಿ, ನನ್ನ ಪ್ರತಿಯ ಮೇಲೆ ಪೋಚ್ ಸಹಿ ಪಡೆಯತೊಡಗಿದೆ. ಮೊದಲ ವಾರ ಅವರ ಸಿಟ್ಟು ಇಮ್ಮಡಿಯಾಯಿತು. ಆಮೇಲೆ ಅವರೇ "ಬರೆದುಕೊಡಿ" ಎನ್ನತೊಡಗಿದರು. ಇಂದು ಅದೇ ಕೆಲಸವನ್ನು ಇಮೇಲ್, ವಾಟ್ಸ್ಯಾಪ್ ಮಾಡುತ್ತವೆ. ಬರೆಯುವಾಗ ದೂರಿನ ಧ್ವನಿ ಬರಬಾರದು, ಬರಿಯ ಲೆಕ್ಕವಿರಬೇಕು. ನಮ್ಮ ನೆರೆಯ ಮಂಗಳವೇಢೆಯಲ್ಲಿ ಬಿಜ್ಜಳನ ಕೈಕೆಳಗೆ ಕರಣಿಕನಾಗಿದ್ದ ಬಸವಣ್ಣನ ಪ್ರಸಂಗವನ್ನು ನೆನೆಯಿರಿ. ಭಂಡಾರವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಆಗದವರು ದೊರೆಯ ಕಿವಿಯೂದುತ್ತಾರೆ; ಎಣಿಸಿ ನೋಡಿದರೆ ಹೊನ್ನು ಪೂರ್ತಿ ಇರುತ್ತದೆ. ಪುರಾಣಕಾರರಿಗೆ ಅದು ಪವಾಡ. ನನಗಂತೂ ಅದರಲ್ಲಿ ಒಬ್ಬ ನುರಿತ ಕರಣಿಕನೂ ಕಾಣುತ್ತಾನೆ. ಬಿಜ್ಜಳನಿಗೆ ಒಂದು ಮೆಚ್ಚುಗೆಯೂ ಸಲ್ಲಬೇಕು, ಅವನು ಎಣಿಸಿ ನೋಡಿದನು, ಪಿಂಗಳಕನು ಎಣಿಸಲಿಲ್ಲ.

ಇನ್ನು ಅತಿವಿನಯದ ಅಪಾಯ. ಹಸಿದ ಸಿಂಹದೆದುರು ಕಾಗೆ, ನರಿ, ಚಿರತೆಗಳು ಒಂದೊಂದಾಗಿ 'ನನ್ನನ್ನು ತಿನ್ನಿರಿ' ಎನ್ನುತ್ತವೆ. ಬೇಡವೆಂಬ ಉತ್ತರ ಬರುವುದೆಂದು ಅವುಗಳಿಗೆ ಮೊದಲೇ ಗೊತ್ತು. ಅದನ್ನು ನೋಡಿದ ಒಂಟೆಯೂ ಮರ್ಯಾದೆಗಾಗಿ ಹಾಗೆಯೇ ಎನ್ನುತ್ತದೆ. ಅದನ್ನು ತಿಂದುಬಿಡುತ್ತಾರೆ. ಸಭೆಯಲ್ಲಿ ಎಲ್ಲರೂ ಬಾಯಿಮಾತಿಗೆ "ನಾನು ಮಾಡ್ತೀನಿ ಸಾಹೇಬ್ರ" ಎಂದು ಹೇಳಿ ಸುಮ್ಮನಾದಾಗ, ರವಿವಾರವೂ ಬಂದು ಆ ಕೆಲಸವನ್ನು ಮಾಡುವವರು ಹೆಚ್ಚಾಗಿ ಹೊಸದಾಗಿ ಸೇರಿದ ಹಳ್ಳಿಯ ಹುಡುಗ ಹುಡುಗಿಯರು. ನಿಮ್ಮಲ್ಲಿ ಒಂಟೆಗಳು ಬಹಳವೆಂದು ನಾನು ಬಲ್ಲೆ.

ಎಷ್ಟು ಕೊಡಬೇಕು ಎಂಬುದಕ್ಕೆ ಹಳಗನ್ನಡದಲ್ಲಿಯೇ ಒಂದು ಅಳತೆಗೋಲು ಇದೆ. ಒಡೆಯನ ಜೋಳವನ್ನು ಉಂಡ ಋಣಕ್ಕಾಗಿ ಸಲ್ಲಿಸಬೇಕಾದ ಸೇವೆಗೆ ಜೋಳವಾಳಿ ಎಂದು ಹೆಸರು. ಒಡೆಯನೊಡನೆ ತಾನೂ ಸಾಯುವೆನೆಂಬ ಪ್ರತಿಜ್ಞೆಯು ಲೆಂಕವಾಳಿ. ಹೊಯ್ಸಳ ವೀರಬಲ್ಲಾಳನೊಡನೆ ಪ್ರಾಣ ಕೊಟ್ಟ ಕುವರ ಲಕ್ಷ್ಮನ ಗರುಡಸ್ತಂಭ ಹಳೇಬೀಡಿನಲ್ಲಿ ಇಂದಿಗೂ ನಿಂತಿದೆ. ಸಂಬಳದ ನೌಕರಿಯಲ್ಲಿ ನಾವು ಬರೆದುಕೊಡುವುದು ಜೋಳವಾಳಿಯನ್ನು. ಅದನ್ನು ಕಾಳೊಂದೂ ಕಡಿಮೆಯಿಲ್ಲದಂತೆ ಅಳೆದುಕೊಡಬೇಕು. ಮಾಲದಂಡಿ ಜೋಳದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿದ್ದೆ, ಆರೋಗ್ಯ, ಮಾನ ಇವನ್ನೂ ಕೇಳುವ ಒಡೆಯನು ಲೆಂಕವಾಳಿಯನ್ನು ಕೇಳುತ್ತಿದ್ದಾನೆ. ಹಿಂದೆ ಸೇವಿಸು ಎಂಬ ಗೌರವದ ಅರ್ಥವಿದ್ದ 'ಓಲೈಸು' ಎಂಬ ಮಾತು ಇಂದು ಮುಖಸ್ತುತಿಯ ಕಡೆಗೆ ಜಾರಿರುವುದನ್ನೂ ಇದರೊಡನೆ ಇಟ್ಟು ಯೋಚಿಸಿರಿ.

ಸಹಿಸಿಕೊಳ್ಳುವುದರ ಮಿತಿಯನ್ನು ವಿರಾಟಪರ್ವ ಎರಡು ಪ್ರಸಂಗಗಳಲ್ಲಿ ತೋರಿಸುತ್ತದೆ. ಬೃಹನ್ನಳೆಯನ್ನು ಹೊಗಳಿದನೆಂಬ ಸಿಟ್ಟಿಗೆ ವಿರಾಟನು ಕಂಕನ ಮುಖಕ್ಕೆ ಪಗಡೆಯ ದಾಳವನ್ನು ಎಸೆಯುತ್ತಾನೆ, ರಕ್ತ ಬರುತ್ತದೆ. ಧರ್ಮರಾಯನು ಸಹಿಸುತ್ತಾನೆ. ಅವನ ಅಜ್ಞಾತವಾಸಕ್ಕೆ ಒಂದು ವರ್ಷದ ಅವಧಿಯಿತ್ತು, ಕಾರಣವಿತ್ತು, ಕೊನೆ ಕಣ್ಣಿಗೆ ಕಾಣುತ್ತಿತ್ತು. ಅನುಭವದ ಪ್ರಮಾಣಪತ್ರಕ್ಕಾಗಿ, ಸ್ಪರ್ಧಾ ಪರೀಕ್ಷೆಯ ತಯಾರಿಗಾಗಿ, ತಂಗಿಯ ಶಿಕ್ಷಣ ಮುಗಿಯುವವರೆಗೆಂದು ದಿನ ಎಣಿಸಿ ಸಹಿಸುವವರನ್ನು ನಾನು ಹೇಡಿಗಳೆನ್ನಲಾರೆ. ಆದರೆ ಯಾವ ದಿನದವರೆಗೆ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿರಬೇಕು.

ಎರಡನೆಯದು ಸೈರಂಧ್ರಿಯದು. ಕೀಚಕನು ತುಂಬಿದ ಸಭೆಯಲ್ಲಿ ಅವಳನ್ನು ಒದೆಯುತ್ತಾನೆ. ನ್ಯಾಯ ಕೇಳಿದರೆ, ಮೈದುನನ ಬಲವನ್ನು ನಂಬಿದ ವಿರಾಟನು ಅವನನ್ನು ದಂಡಿಸುವುದಿಲ್ಲ. ಇಲ್ಲಿ ಅವಧಿಯ ಲೆಕ್ಕ ಸಲ್ಲದು. ಅವಳಿಗೆ ಅಡುಗೆಮನೆಯ ವಲಲನಿದ್ದನು. ನಿಮಗೆ 2013ರ ಕಾಯ್ದೆಯಿದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಸ್ಥಳದಲ್ಲಿಯೂ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷತೆ ಮಹಿಳೆಯದಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನ ಸದಸ್ಯರೊಬ್ಬರಿರಬೇಕು. ಹತ್ತಕ್ಕಿಂತ ಕಡಿಮೆ ಜನರಿದ್ದಲ್ಲಿ, ಅಥವಾ ದೂರು ಮಾಲಕರ ಮೇಲೆಯೇ ಇದ್ದಲ್ಲಿ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರನ್ನು ಲಿಖಿತವಾಗಿ, ಘಟನೆಯಿಂದ ಮೂರು ತಿಂಗಳೊಳಗೆ ಕೊಡಬೇಕು; ತಕ್ಕ ಕಾರಣವಿದ್ದರೆ ಸಮಿತಿಯು ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ಮೂರು ತಿಂಗಳೆಂಬ ಈ ಅಂಕಿಯನ್ನು ನಮ್ಮ ವಿದ್ಯಾರ್ಥಿನಿಯರು ವಹಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಬೇಕು. ಏಕಾಂತದಲ್ಲಿ ಹೋಗಿ ಕೇಳಿರೆಂದು ಮೇಲೆ ಹೇಳಿದ ನನ್ನ ಮಾತು ಇಂಥವರಿಗೆ ಅನ್ವಯಿಸದು.

ಟವೆಲ್ ಕಾರಖಾನೆಯ ವಿದ್ಯಾರ್ಥಿನಿ ಹದಿನೈದು ದಿನಗಳ ನಂತರ ಫೋನ್ ಮಾಡಿದಳು. ಕೇಳಿದ್ದಳು. ಮುಂಬಯಿಯಿಂದ ಮಾಲಕರು ದಿನಾಲೂ ಹನ್ನೊಂದಕ್ಕೆ ಫೋನ್ ಮಾಡಿ ಹಿಂದಿನ ದಿನದ ಉತ್ಪಾದನೆಯನ್ನು ಕೇಳುತ್ತಾರೆ. ಮಗ್ಗದ ಶೆಡ್ಡಿನಿಂದ ಅಂಕಿ ತಡವಾಗಿ ಬರುವುದರಿಂದ ಇವಳ ವರದಿ ಸಾಹೇಬರ ಮೇಜಿಗೆ ತಲುಪುವುದು ಹನ್ನೊಂದೂವರೆಗೆ. ಎರಡು ತಿಂಗಳಿಂದ ಆ ಅರ್ಧ ತಾಸು ಸಾಹೇಬರು ಬೈಸಿಕೊಳ್ಳುತ್ತಿದ್ದರು. ತೆಗೆಯುವ ಮಾತನ್ನು ಅವರು ಒಮ್ಮೆ ಸಿಟ್ಟಿನಲ್ಲಿ ಆಡಿದ್ದೂ ನಿಜವಂತೆ; ಗುಮಾಸ್ತರದು ಪೂರ್ತಿ ಸುಳ್ಳಾಗಿರಲಿಲ್ಲ. ಈಗ ಇವಳು ಒಂಬತ್ತೂವರೆಗೆ ತಾನೇ ಶೆಡ್ಡಿಗೆ ಹೋಗಿ ಅಂಕಿ ಬರೆದುಕೊಂಡು ಬರುತ್ತಾಳೆ. ಕಾಗದ ಎಸೆಯುವುದು ನಿಂತಿದೆಯೇ ಎಂದು ಕೇಳಿದೆ. "ಸ್ವಲ್ಪ ಕಮ್ಮಿ ಆಗ್ಯದ ರೀ ಸರ್" ಎಂದಳು. ರಾಜೀನಾಮೆಯ ಪತ್ರ ಇನ್ನೂ ಚೀಲದಲ್ಲಿದೆ. ಶುದ್ಧಲೇಖನ ಸರಿಯಾಗಿದೆಯಲ್ಲ, ಇರಲಿ ಎಂದೆ.

ಬರುವ ಸೋಮವಾರದ ತಾಸಿಗೆ ದ್ವಿತೀಯ ವರ್ಷದವರು ಒಂದು ಪುಟದ ಪತ್ರ ಬರೆದುಕೊಂಡು ಬನ್ನಿರಿ. ದಮನಕನು ಬಂದುಹೋದ ರಾತ್ರಿ ಸಂಜೀವಕನು ಪಿಂಗಳಕನಿಗೆ ಬರೆದ ಪತ್ರವದು. ದಮನಕನ ಹೆಸರು ಅದರಲ್ಲಿ ಬರಬಾರದು, ದೂರಿರಬಾರದು, ಅಂಗಲಾಚುವ ಮಾತೂ ಇರಬಾರದು. ಮರಾಠಿ ಬಲ್ಲವರು ಅದನ್ನು ಮರಾಠಿಯಲ್ಲಿಯೂ ಬರೆದು, 'ಆಪಣ' ಎಂಬ ಪದ ಎಷ್ಟು ಸಲ, ಯಾವ ಅರ್ಥದಲ್ಲಿ ಬಂದಿದೆಯೆಂದು ಅಡಿಗೆರೆ ಹಾಕಿ ತೋರಿಸಿರಿ.